ಭೂಮಿ ತಿರುಗಿದರೆ ಚಹಾ ಏಕೆ ಚೆಲ್ಲುವುದಿಲ್ಲ?

(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ಇದೇ ಕೊಠಡಿಯಲ್ಲಿ ರಾತ್ರಿ ವರ್ಗ ನಡೆದಿದ್ದಾಗ ಒಂದು ಸಣ್ಣ ಘಟನೆ ಆಯಿತು. ಭೂಗೋಳದ ಪಾಠದಲ್ಲಿ, ಭೂಮಿ ತನ್ನ ಸುತ್ತ ತಾನೂ ತಿರುಗುತ್ತದೆ, ಸೂರ್ಯನನ್ನೂ ಸುತ್ತುತ್ತದೆ ಎಂಬ ವಾಕ್ಯ ಬಂದಿತು. ಹಿಂದಿನ ಬೆಂಚಿನಲ್ಲಿದ್ದ ಒಬ್ಬ ತರುಣ ಎದ್ದು ನಿಂತ. ಹೋಟೆಲಿನಲ್ಲಿ ದಿನಕ್ಕೆ ನೂರಾರು ಕಪ್ಪು ಚಹಾ ಹೊರುವವನು. "ಭೂಮಿ ಅಷ್ಟು ಜೋರಾಗಿ ಓಡುವುದಾದರೆ ಮೇಜಿನ ಮೇಲಿನ ಕಪ್ಪಿನಿಂದ ಚಹಾ ಏಕೆ ಚೆಲ್ಲುವುದಿಲ್ಲ? ಟ್ರೇ ಹಿಡಿದು ನಾನು ನಾಲ್ಕು ಹೆಜ್ಜೆ ಬೇಗ ಹಾಕಿದರೆ ಚೆಲ್ಲುತ್ತದಲ್ಲ?" ಎಂದು ಕೇಳಿದ. ವರ್ಗ ಗೊಳ್ಳೆಂದು ನಕ್ಕಿತು. ಮುಚ್ಚಿಟ್ಟು ಫಲವಿಲ್ಲ, ನಾವೂ ನಕ್ಕೆವು. ಆತ ಮುಖ ತಗ್ಗಿಸಿ ಕುಳಿತ. ಆ ಮೇಲೆ ಎರಡು ವಾರ ವರ್ಗಕ್ಕೆ ಬರಲಿಲ್ಲ.

ಆ ರಾತ್ರಿ ಮನೆಗೆ ಮರಳುವಾಗ ನಾವು ವಾಚನಾಲಯದ ಕಾರ್ಯಕರ್ತರು ನಾಲ್ವರು ಒಂದೇ ಲೋಕಲ್ ಗಾಡಿಯಲ್ಲಿದ್ದೆವು. ನಮ್ಮಲ್ಲೊಬ್ಬರು, "ನಕ್ಕೆವು ಸರಿ, ಆದರೆ ಉತ್ತರವೇನು?" ಎಂದರು. ಒಬ್ಬರೂ ಬಾಯಿ ಬಿಡಲಿಲ್ಲ. ಭೂಮಿ ತಿರುಗುತ್ತದೆ ಎಂದು ನಾಲ್ಕನೆಯ ಇಯತ್ತೆಯಿಂದ ಓದಿಕೊಂಡು ಬಂದವರು ನಾವು. ಹಾಗೆಂದು ತಿಳಿದದ್ದು ಹೇಗೆ ಎಂದು ಒಮ್ಮೆಯೂ ಕೇಳಿದವರಲ್ಲ. ಗುರುಗಳು ಹೇಳಿದರು, ನಾವು ಬರೆದೆವು, ಪಾಸಾದೆವು. ಭೂಮಿ ನಿಂತಿದೆ ಎಂದು ಅವರು ಹೇಳಿದ್ದರೆ ಅದನ್ನೂ ಹಾಗೆಯೇ ಬರೆದು ಪಾಸಾಗುತ್ತಿದ್ದೆವು. ಆ ದಿನ ವರ್ಗದಲ್ಲಿ ನಿಜವಾಗಿ ಯೋಚನೆ ಮಾಡಿದವನು ಆ ತರುಣನೊಬ್ಬನೇ.

ಈ ಒಂದು ತಿಂಗಳು ಸಿಕ್ಕಿದ ಪುಸ್ತಕಗಳನ್ನು ಓದಿ, ತಿಳಿದವರನ್ನು ಕಂಡು ಕೇಳಿ, ಉತ್ತರ ಹುಡುಕಿದ್ದೇವೆ. ಹುಡುಕಿದಾಗ ನಮಗೆ ತಿಳಿದುಬಂದದ್ದೇನೆಂದರೆ, ಆ ಪ್ರಶ್ನೆ ಹುಡುಗಾಟದ್ದಲ್ಲ. ಸುಮಾರು ಸಾವಿರದ ಐನೂರು ವರ್ಷಗಳ ಕಾಲ ಜಗತ್ತಿನ ಘನ ಪಂಡಿತರು ಅದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದರು. ಇಂದಿನ ನಮ್ಮ ಮಾತು ಆ ಪ್ರಶ್ನೆಗೆ ಉತ್ತರ ಸಿಕ್ಕಿದ ಕಥೆ.

ಮೊದಲು ಕಣ್ಣು ಹೇಳುವುದನ್ನು ಕೇಳೋಣ. ಬೆಳಿಗ್ಗೆ ಹೊತ್ತು ಮೂಡುತ್ತದೆ, ಸಂಜೆ ಮುಳುಗುತ್ತದೆ. ನಮ್ಮ ಕಾಲ ಕೆಳಗಿನ ನೆಲ ಅಲುಗಾಡುವುದಿಲ್ಲ. ಇರುಳು ಪಾಳಿ ಮುಗಿಸಿ ಹೊರಗೆ ಬಂದು ಆಕಾಶ ನೋಡಿದವರಿಗೆ ಚುಕ್ಕಿಗಳೆಲ್ಲ ಪೂರ್ವದಿಂದ ಪಶ್ಚಿಮಕ್ಕೆ ಸರಿದಿರುವುದು ಕಾಣುತ್ತದೆ. ಹೀಗಿರಲು ಭೂಮಿ ನಡುವೆ ನಿಂತಿದೆ, ಉಳಿದುದೆಲ್ಲ ಅದರ ಸುತ್ತ ತಿರುಗುತ್ತಿದೆ ಎಂದು ಜನ ನಂಬಿದ್ದರೆ ಅವರನ್ನು ದಡ್ಡರೆನ್ನಲಾಗದು. ನಮ್ಮ ವಾರದ ಹೆಸರುಗಳು ಇಂದಿಗೂ ಆ ನಂಬಿಕೆಯ ಮೇಲೆಯೇ ನಿಂತಿವೆ. ಶನಿ, ಗುರು, ಮಂಗಳ, ಸೂರ್ಯ, ಶುಕ್ರ, ಬುಧ, ಚಂದ್ರ ಎಂದು ಭೂಮಿಯಿಂದ ದೂರದವನು ಮೊದಲಾಗಿ ಏಳು ಮಂದಿಯನ್ನು ಸಾಲಾಗಿ ನಿಲ್ಲಿಸಿ, ದಿನದ 24 ಹೋರೆಗಳನ್ನು ಒಬ್ಬೊಬ್ಬರಿಗೆ ಒಂದೊಂದರಂತೆ ಹಂಚಿದರೆ, ಮೊದಲ ಹೋರೆ ಯಾರ ಪಾಲಿಗೆ ಬಂತೋ ಅವರ ಹೆಸರು ಆ ದಿನಕ್ಕೆ. ಲೆಕ್ಕ ಹಾಕಿ ನೋಡಿ: ಶನಿಯ ದಿನದ ಮಾರನೆಯ ದಿನ ಸೂರ್ಯನ ಪಾಳಿ, ಅದರ ಮಾರನೆಯ ದಿನ ಚಂದ್ರನದು. ಶನಿವಾರ, ಭಾನುವಾರ, ಸೋಮವಾರ. ಸೂರ್ಯನೂ ಚಂದ್ರನೂ ಭೂಮಿಯನ್ನು ಸುತ್ತುವ ಗ್ರಹಗಳು ಎಂದು ಹಿಡಿದ ಈ ಲೆಕ್ಕದಲ್ಲಿಯೇ ನಮ್ಮ ವಾರದ ರಜೆಯೂ ನಡೆದಿದೆ.

ಈ ನೋಟಕ್ಕೆ ಪೂರ್ಣ ಶಾಸ್ತ್ರದ ರೂಪ ಕೊಟ್ಟವನು ಟಾಲೆಮಿ. ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದಲ್ಲಿ, ಕ್ರಿ. ಶ. 150ರ ಸುಮಾರಿಗೆ, 'ಅಲ್ಮಾಜೆಸ್ಟ್' ಎಂದು ಮುಂದೆ ಹೆಸರಾದ ಗ್ರಂಥವನ್ನು ಬರೆದ. ಭೂಮಿ ತಿರುಗುವುದಾದರೆ ಮೋಡಗಳೂ ಹಕ್ಕಿಗಳೂ ಎಸೆದ ಕಲ್ಲುಗಳೂ ಹಿಂದೆ ಉಳಿದುಬಿಡಬೇಕಾಗಿತ್ತು, ಹಾಗೆ ಆಗುವುದಿಲ್ಲ, ಆದುದರಿಂದ ಭೂಮಿ ನಿಂತಿದೆ ಎಂದು ಆತ ವಾದಿಸಿದ. ಗಮನಿಸಿರಿ, ಇದು ನಮ್ಮ ಹೋಟೆಲಿನ ತರುಣನ ಚಹಾದ ಪ್ರಶ್ನೆಯೇ!

ಟಾಲೆಮಿಗಿಂತ ನಾಲ್ಕು ನೂರು ವರ್ಷ ಹಿಂದೆ, ಸಾಮೋಸ್ ದ್ವೀಪದ ಅರಿಸ್ಟಾರ್ಕಸ್ ಎಂಬವನು ಸೂರ್ಯನೇ ನಡುವೆ ಇದ್ದಾನೆ, ಭೂಮಿ ಸುತ್ತುತ್ತದೆ ಎಂದು ಹೇಳಿದ್ದುಂಟು. ಆರ್ಕಿಮಿಡೀಸನ ಬರಹದಿಂದ ಇದು ತಿಳಿದುಬರುತ್ತದೆ. ಆದರೆ ಒಪ್ಪಿದವರು ತೀರ ವಿರಳ. ನಮ್ಮ ದೇಶದಲ್ಲಿ ಆರ್ಯಭಟನು ಕ್ರಿ. ಶ. 499ರಲ್ಲಿ, ತನ್ನ 23ನೆಯ ವಯಸ್ಸಿನಲ್ಲಿ, ಭೂಮಿ ತನ್ನ ಅಕ್ಷದ ಮೇಲೆ ತಿರುಗುತ್ತದೆ ಎಂದ. ದೋಣಿಯಲ್ಲಿ ಮುಂದಕ್ಕೆ ಸಾಗುವವನಿಗೆ ದಡದ ಮರಗಳು ಹಿಂದಕ್ಕೆ ಓಡುವಂತೆ ಕಾಣುವುದಿಲ್ಲವೆ, ಚುಕ್ಕಿಗಳು ಪಶ್ಚಿಮಕ್ಕೆ ಓಡುವುದೂ ಹಾಗೆಯೇ ಎಂಬುದು ಆತನ ದೃಷ್ಟಾಂತ. ನಮ್ಮ ಹಡಗಿನ ಹಾದಿಯಲ್ಲಿ ಮುಂಬಯಿಗೆ ಬಂದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ವರಾಹಮಿಹಿರನು ಇದನ್ನು ಒಪ್ಪಲಿಲ್ಲ. ಭೂಮಿ ತಿರುಗಿದರೆ ಆಕಾಶಕ್ಕೆ ಹಾರಿದ ಹಕ್ಕಿ ತನ್ನ ಗೂಡಿಗೆ ಮರಳುವುದೆಂತು ಎಂದು ಕೇಳಿದ. ಬ್ರಹ್ಮಗುಪ್ತನೂ 628ರಲ್ಲಿ ಬರೆದ ತನ್ನ ಗ್ರಂಥದಲ್ಲಿ ಆಕ್ಷೇಪಣೆ ಎತ್ತಿದ. ಮುಂದೆ ಬಂದ ವ್ಯಾಖ್ಯಾನಕಾರರು ಕೆಲವರು ಆರ್ಯಭಟನ ಮಾತಿಗೆ ಬೇರೆಯೇ ಅರ್ಥ ಹಚ್ಚಿ ಭೂಮಿಯನ್ನು ಮತ್ತೆ ನಿಲ್ಲಿಸಿದರು.

ಇಲ್ಲಿ ಒಂದು ಮಾತು ಹೇಳಬೇಕು. ಎಲ್ಲವನ್ನೂ ನಮ್ಮ ಹಿರಿಯರು ಮೊದಲೇ ಕಂಡುಹಿಡಿದಿದ್ದರು ಎಂದು ಎದೆ ತಟ್ಟಿಕೊಳ್ಳುವ ಚಟ ನಮ್ಮಲ್ಲಿ ಉಂಟು. ಆರ್ಯಭಟನು ಭೂಮಿಯನ್ನು ತಿರುಗಿಸಿದ್ದು ನಿಜ, ಆದರೆ ನಡುವಿನ ಸ್ಥಾನದಿಂದ ಕದಲಿಸಲಿಲ್ಲ. ಕೇರಳದ ನೀಲಕಂಠ ಸೋಮಯಾಜಿಯು 1500ರ ಸುಮಾರಿಗೆ ಐದು ಗ್ರಹಗಳನ್ನು ಸೂರ್ಯನ ಸುತ್ತ ತಿರುಗಿಸಿದ, ಆದರೆ ಆ ಸೂರ್ಯನನ್ನು ಭೂಮಿಯ ಸುತ್ತ ತಿರುಗಿಸಿದ. ಇದೂ ದೊಡ್ಡ ಸಾಧನೆಯೇ. ಇದ್ದಷ್ಟನ್ನು ಇದ್ದಂತೆ ಹೇಳಿದರೆ ಅವರ ಕೀರ್ತಿಗೆ ಕುಂದಿಲ್ಲ. ಇಲ್ಲದ್ದನ್ನು ಕೂಡಿಸಿದರೆ ಕುಂದು ನಮ್ಮದು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಹಳೆಯ ಲೆಕ್ಕಕ್ಕೆ ತೊಡಕು ತಂದವರು ಗ್ರಹಗಳು. ಮಂಗಳ ಗ್ರಹವನ್ನೇ ತೆಗೆದುಕೊಳ್ಳಿ. ಅದು ಚುಕ್ಕಿಗಳ ನಡುವೆ ಪೂರ್ವಕ್ಕೆ ಸಾಗುತ್ತ ಸಾಗುತ್ತ, ಸುಮಾರು 26 ತಿಂಗಳಿಗೊಮ್ಮೆ ನಿಂತು, ಎರಡು ತಿಂಗಳಿಗೂ ಹೆಚ್ಚು ಕಾಲ ಹಿಂದಕ್ಕೆ ನಡೆದು, ಮತ್ತೆ ಮುಂದೆ ಹೊರಡುತ್ತದೆ. ಜೋಯಿಸರು ವಕ್ರಗತಿ ಎನ್ನುವುದು ಇದನ್ನೇ. ಟಾಲೆಮಿಯು ಪ್ರತಿಯೊಂದು ಗ್ರಹಕ್ಕೂ ದೊಡ್ಡ ಚಕ್ರದ ಮೇಲೆ ಸಣ್ಣ ಚಕ್ರ ಹೂಡಿ ಈ ಹಿಂದೆಮುಂದೆ ನಡೆಯನ್ನು ಲೆಕ್ಕಕ್ಕೆ ತಂದ. ಆ ಯಂತ್ರ ಸಾಕಷ್ಟು ಚೆನ್ನಾಗಿಯೇ ಓಡಿತು. ಸಾವಿರದ ನಾನೂರು ವರ್ಷ ಪಂಚಾಂಗಗಳು ಅದರ ಮೇಲೆ ನಡೆದವು.

ಆದರೆ ಆ ಯಂತ್ರದಲ್ಲಿ ಒಂದು ವಿಚಿತ್ರವಿತ್ತು. ಐದು ಗ್ರಹಗಳ ಚಕ್ರಗಳಲ್ಲಿ ಪ್ರತಿಯೊಂದರಲ್ಲಿಯೂ ಒಂದು ಚಕ್ರ ಸೂರ್ಯನ ವರ್ಷದ ನಡೆಗೆ ಜೋಡಿಯಾಗಿ ಕಟ್ಟಿಹಾಕಿದಂತೆ ಇತ್ತು. ಏಕೆ? ಟಾಲೆಮಿಯಲ್ಲಿ ಉತ್ತರವಿಲ್ಲ. ಗಿರಣಿಯಲ್ಲಿ ಆಯುಷ್ಯ ಕಳೆದ ಹಿರಿಯರು ಇಲ್ಲಿದ್ದೀರಿ, ನೀವೇ ಹೇಳಿ. ಹಳೆಯ ಗಿರಣಿಗಳಲ್ಲಿ ಒಂದು ಸಾಲಿನ ಮಗ್ಗಗಳನ್ನೆಲ್ಲ ಒಂದೇ ಶಾಫ್ಟು ಪಟ್ಟಾಗಳಿಂದ ಓಡಿಸುತ್ತಿತ್ತು. ಒಂದು ಮಗ್ಗ ನಡುಗಿದರೆ ಆ ಮಗ್ಗವನ್ನು ನೋಡಬೇಕು. ಸಾಲಿನ ಐದೂ ಮಗ್ಗಗಳು ಒಂದೇ ತಾಳಕ್ಕೆ ನಡುಗಿದರೆ? ಐದು ಮಗ್ಗ ಬಿಚ್ಚುವ ಜಾಬರ್ ಮೂರ್ಖ. ಜಾಣನಾದವನು ತಲೆ ಎತ್ತಿ ಶಾಫ್ಟನ್ನು ನೋಡುತ್ತಾನೆ.

ತಲೆ ಎತ್ತಿ ನೋಡಿದವನು ಕೊಪರ್ನಿಕಸ್. 1473ರಲ್ಲಿ ಪೋಲೆಂಡಿನ ಟೊರುನ್ ಪಟ್ಟಣದಲ್ಲಿ ಹುಟ್ಟಿದವನು. ಇಗರ್ಜಿಯ ಆಡಳಿತದ ಕೆಲಸ, ವೈದ್ಯ, ಇವೆರಡರ ನಡುವೆ ಬಿಡುವಿನಲ್ಲಿ ಆಕಾಶ ನೋಡಿದವನು. ಐದೂ ಗ್ರಹಗಳಲ್ಲಿ ಕಾಣುವ ಒಂದು ವರ್ಷದ ಆ ನಡುಕ ಗ್ರಹಗಳದಲ್ಲ, ಅದು ನೋಡುವ ನಮ್ಮದೇ ಚಲನೆ ಎಂದು ಆತ ಕಂಡುಕೊಂಡ. ಭೂಮಿಯೇ ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತಿದೆ. ದಾದರಿನಿಂದ ನಮ್ಮ ಫಾಸ್ಟ್ ಗಾಡಿಯೂ ಪಕ್ಕದ ಸ್ಲೋ ಗಾಡಿಯೂ ಒಂದೇ ದಿಕ್ಕಿಗೆ ಹೊರಟಿವೆ ಎನ್ನಿ. ನಾವು ಅದನ್ನು ದಾಟುವಾಗ ಸ್ಲೋ ಗಾಡಿ ಹಿಂದಕ್ಕೆ ಹೋದಂತೆ ಕಾಣುವುದಿಲ್ಲವೆ? ಮಂಗಳನ ವಕ್ರಗತಿ ಅಷ್ಟೆ. ಒಳಸುತ್ತಿನಲ್ಲಿ ಬೇಗ ಓಡುವ ಭೂಮಿ, ಹೊರಸುತ್ತಿನಲ್ಲಿ ನಿಧಾನವಾಗಿ ಓಡುವ ಮಂಗಳನನ್ನು ದಾಟುವ ಹೊತ್ತಿನ ನೋಟ ಅದು. ಯಾವ ಗ್ರಹವೂ ನಮ್ಮ ಮೇಲಿನ ಮುನಿಸಿನಿಂದ ಹಿಂದಕ್ಕೆ ನಡೆಯುವುದಿಲ್ಲ.

ಇದನ್ನು ಆತ 1514ಕ್ಕಿಂತ ಮೊದಲೇ ಒಂದು ಸಣ್ಣ ಕೈಬರಹದಲ್ಲಿ ಬರೆದು ಕೆಲವು ಸ್ನೇಹಿತರಿಗೆ ಕೊಟ್ಟಿದ್ದ. ಆದರೆ ದೊಡ್ಡ ಗ್ರಂಥ ಅಚ್ಚಾದದ್ದು 1543ರಲ್ಲಿ, ನ್ಯೂರೆಂಬರ್ಗ್ ನಗರದಲ್ಲಿ. ಸುಮಾರು ಮೂವತ್ತು ವರ್ಷ ತಡೆದದ್ದೇಕೆ? ಆತನೇ ಗ್ರಂಥದ ಆರಂಭದಲ್ಲಿ ಇದಕ್ಕೆ ಕಾರಣ ಹೇಳಿದ್ದಾನೆ. ಜನ ಅಪಹಾಸ್ಯ ಮಾಡಿಯಾರೆಂಬ ಭಯ! ಸೋದರರೇ, ಒಂದು ನಗೆಯ ಭಯ ಜಗತ್ತಿನ ಅತಿ ದೊಡ್ಡ ಗ್ರಂಥಗಳಲ್ಲೊಂದನ್ನು ಅಷ್ಟು ಕಾಲ ಪೆಟ್ಟಿಗೆಯಲ್ಲಿ ಇರಿಸಿತು. ಕೊನೆಗೆ 25 ವರ್ಷದ ರೆಟಿಕಸ್ ಎಂಬ ತರುಣ ಅಧ್ಯಾಪಕನು 1539ರಲ್ಲಿ ದೂರದಿಂದ ಹುಡುಕಿಕೊಂಡು ಬಂದು, ನಗದೆ, ಕುಳಿತು ಕೇಳಿ, ಅಚ್ಚಿಗೆ ಹಾಕಿಸುವ ಧೈರ್ಯ ತುಂಬಿದ. ಗ್ರಂಥ ಹೊರಬಿದ್ದ ವರ್ಷವೇ, ಮೇ 24ರಂದು, ಕೊಪರ್ನಿಕಸ್ ತೀರಿಕೊಂಡ.

ಆತನದೂ ಎಲ್ಲ ಸರಿಯಾಗಿರಲಿಲ್ಲ. ಗ್ರಹಗಳು ಸರಿಯಾದ ದುಂಡು ದಾರಿಯಲ್ಲಿಯೇ ಓಡಬೇಕೆಂಬ ಹಳೆಯ ನಂಬಿಕೆಯನ್ನು ಆತ ಬಿಡಲಿಲ್ಲ. ಹಾಗಾಗಿ ಸಣ್ಣ ಚಕ್ರಗಳು ಆತನಲ್ಲೂ ಉಳಿದವು. ಆ ಚಕ್ರಗಳ ಕೆಲವು ಜೋಡಣೆಗಳು ಮರಾಘಾ ಮತ್ತು ಡಮಾಸ್ಕಸಿನ ಮುಸಲ್ಮಾನ ಪಂಡಿತರು ಮೊದಲೇ ಮಾಡಿದ್ದ ಜೋಡಣೆಗಳಂತೆಯೇ ಇವೆ. ಡಮಾಸ್ಕಸಿನ ಇಬ್ನ್ ಅಲ್ ಶಾತಿರನ ಚಂದ್ರನ ಲೆಕ್ಕವೂ ಕೊಪರ್ನಿಕಸನದೂ ಒಂದೇ. ಜ್ಞಾನವೆಂಬುದು ಒಬ್ಬನ ಕೈಯ ಅಡಿಗೆಯಲ್ಲ. ಒಬ್ಬ ಸೌದೆ ಹೊತ್ತು ತರುತ್ತಾನೆ, ಒಬ್ಬ ಒಲೆ ಹೂಡುತ್ತಾನೆ, ಬಡಿಸುವವನು ಇನ್ನೊಬ್ಬ.

ಈಗ ನಮ್ಮವರಿಗೆ ವಿಶೇಷ ಆಪ್ತನಾಗಬೇಕಾದ ಒಬ್ಬನ ವಿಷಯ. ಜೊಹಾನ್ ಕೆಪ್ಲರ್, 1571ರಲ್ಲಿ ಜರ್ಮನಿಯಲ್ಲಿ ಹುಟ್ಟಿದವನು. ತಂದೆ ಕೂಲಿಗಾಗಿ ಯುದ್ಧ ಮಾಡಲು ಹೋಗುತ್ತಿದ್ದವನು. ತಾಯಿ ಒಬ್ಬ ಹೋಟೆಲಿನವನ ಮಗಳು. ಬಾಲಕನಾಗಿದ್ದಾಗ ಕೆಪ್ಲರನು ಅಜ್ಜನ ಹೋಟೆಲಿನಲ್ಲಿ ಗಿರಾಕಿಗಳಿಗೆ ಬಡಿಸುತ್ತಿದ್ದ. ಸಿಡುಬಿನಿಂದ ಆತನ ಕಣ್ಣಿನ ದೃಷ್ಟಿ ಮಂದವಾಗಿತ್ತು. ಹೋಟೆಲಿನಲ್ಲಿ ಬಡಿಸುತ್ತಿದ್ದ, ಕಣ್ಣು ಮಂದವಾದ ಆ ಹುಡುಗನೇ ವಿದ್ಯಾರ್ಥಿವೇತನದಿಂದ ಓದಿ, ಗ್ರಹಗಳ ನಿಜವಾದ ದಾರಿಯನ್ನು ಕಂಡುಹಿಡಿದ. ಹೋಟೆಲಿನ ಹುಡುಗನಿಗೆ ಆಕಾಶದ ಮಾತೇಕೆ ಎನ್ನುವವರಿಗೆ ಈ ಹೆಸರನ್ನು ಹೇಳಿರಿ.

ಕೆಪ್ಲರನಿಗೆ ಸಿಕ್ಕಿದ ಬಂಡವಾಳ ಟೈಕೊ ಬ್ರಾಹೆಯ ಲೆಕ್ಕದ ಪುಸ್ತಕಗಳು. ಡೆನ್ಮಾರ್ಕಿನ ಶ್ರೀಮಂತನಾದ ಟೈಕೊ, ದೂರದರ್ಶಕ ಇನ್ನೂ ಇಲ್ಲದ ಕಾಲದಲ್ಲಿ, ಬರಿಗಣ್ಣಿನಿಂದಲೂ ಭಾರಿ ಅಳತೆಯ ಉಪಕರಣಗಳಿಂದಲೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಗ್ರಹಗಳ ಸ್ಥಾನವನ್ನು ಅಳೆದು ಬರೆದಿಟ್ಟಿದ್ದ. 1601ರಲ್ಲಿ ಟೈಕೊ ಸತ್ತ ಮೇಲೆ ಆ ಅಳತೆಗಳನ್ನು ಹಿಡಿದು ಕೆಪ್ಲರ್ ಮಂಗಳನ ಹಿಂದೆ ಬಿದ್ದ. ವರ್ಷಗಟ್ಟಲೆ ಗುಣಿಸಿ ಭಾಗಿಸಿ ಒಂದು ದುಂಡು ದಾರಿಯನ್ನು ಹೊಂದಿಸಿದ. ಬಹುಮಟ್ಟಿಗೆ ಹೊಂದಿತು. ಆದರೆ ಕೆಲವೆಡೆ ಟೈಕೊನ ಅಳತೆಗೂ ಆತನ ಲೆಕ್ಕಕ್ಕೂ ಎಂಟು ಕಲೆಗಳ ವ್ಯತ್ಯಾಸ ಬಂತು. ಒಂದು ಅಂಶಕ್ಕೆ 60 ಕಲೆ. ಎಂಟು ಕಲೆ ಎಂದರೆ ಹುಣ್ಣಿಮೆಯ ಚಂದ್ರನ ಅಗಲದ ಕಾಲು ಭಾಗಕ್ಕೆ ತುಸು ಹೆಚ್ಚು.

ಗಲ್ಲೆಯ ಮೇಲೆ ಕುಳಿತವರಿಗೆ ಈ ಸಂಕಟ ತಿಳಿಯುತ್ತದೆ. ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಸಾವಿರಾರು ರೂಪಾಯಿಯ ಲೆಕ್ಕದಲ್ಲಿ ಎಂಟು ರೂಪಾಯಿ ತಾಳೆಯಾಗುವುದಿಲ್ಲ. "ಇರಲಿ ಬಿಡಿ, ಖರ್ಚಿನಲ್ಲಿ ಹಾಕಿ" ಎನ್ನುವವರೇ ಹೆಚ್ಚು. ಕೆಪ್ಲರ್ ಹಾಗೆನ್ನಲಿಲ್ಲ. ಟೈಕೊನ ಕೈ ಅಷ್ಟು ತಪ್ಪುವ ಕೈಯಲ್ಲ, ತಪ್ಪಿದ್ದು ನನ್ನ ದಾರಿಯೇ ಎಂದು ತೀರ್ಮಾನಿಸಿ, ವರ್ಷಗಳ ದುಡಿಮೆಯನ್ನು ತಾನೇ ಹೊಡೆದುಹಾಕಿದ. ಎರಡು ಸಾವಿರ ವರ್ಷ ಯಾರೂ ಸಂದೇಹಿಸದಿದ್ದ ದುಂಡು ದಾರಿ ಅಲ್ಲಿಗೆ ಮುರಿಯಿತು. ಮಂಗಳನ ದಾರಿ ತುಸು ಅದುಮಿದ ದೀರ್ಘವೃತ್ತ, ಸೂರ್ಯನು ಅದರ ನಟ್ಟನಡುವೆ ಇಲ್ಲದೆ ಒಂದು ಬದಿಗಿದ್ದಾನೆ, ಗ್ರಹವು ಸೂರ್ಯನ ಹತ್ತಿರ ಬಂದಾಗ ಬೇಗ, ದೂರವಾದಾಗ ನಿಧಾನ ಓಡುತ್ತದೆ ಎಂದು 1609ರಲ್ಲಿ ಪ್ರಕಟಿಸಿದ. ಸಣ್ಣ ಚಕ್ರಗಳೆಲ್ಲ ಒಮ್ಮೆಗೇ ಉದುರಿಹೋದವು.

ಈತನ ಬಾಳು ಸುಖದ್ದಲ್ಲ. ಧರ್ಮದ ಕಾರಣದಿಂದ 1600ರಲ್ಲಿ ಗ್ರಾಜ್ ಪಟ್ಟಣದ ಕೆಲಸ ಬಿಟ್ಟು ಹೊರಡಬೇಕಾಯಿತು. ಮುದಿ ತಾಯಿಯನ್ನು ಮಾಟಗಾತಿಯೆಂದು ಹಿಡಿದು ಸಂಕೋಲೆ ಹಾಕಿದರು. ಆಕೆಯ ಪರವಾಗಿ ತಾನೇ ನಿಂತು ವಾದಿಸಿ 1621ರಲ್ಲಿ ಬಿಡಿಸಿಕೊಂಡ. ಚಕ್ರವರ್ತಿಯ ಗಣಿತಜ್ಞನೆಂಬ ದೊಡ್ಡ ಹೆಸರಿತ್ತು, ಆದರೆ ಪಗಾರ ಮಾತ್ರ ಬಾಕಿ! 1630ರಲ್ಲಿ, ತನಗೆ ಬರಬೇಕಾದ ಹಣದ ವಸೂಲಿಗೆಂದು ಹೊರಟ ಪ್ರಯಾಣದಲ್ಲಿ, ರೆಗೆನ್ಸ್‌ಬರ್ಗ್ ಎಂಬ ಊರಿನಲ್ಲಿ ಜ್ವರ ಬಂದು ತೀರಿಕೊಂಡ. ಮರುವರ್ಷ ನವೆಂಬರ್ 7ರಂದು ಬುಧ ಗ್ರಹ ಸೂರ್ಯನ ಮುಂದೆ ಹಾದುಹೋಗುವುದೆಂದು ಆತ ಲೆಕ್ಕ ಹಾಕಿ ಹೇಳಿಟ್ಟಿದ್ದ. ಪ್ಯಾರಿಸಿನಲ್ಲಿ ಗಸೆಂಡಿ ಎಂಬವನು ಕಾದು ಕುಳಿತು ನೋಡಿದ. ಹೇಳಿದ ದಿನವೇ ಸೂರ್ಯನ ಬಿಂಬದ ಮೇಲೆ ಸಣ್ಣ ಕಪ್ಪು ಚುಕ್ಕೆ ಸರಿಯಿತು. ಲೆಕ್ಕ ತಾಳೆಯಾಯಿತು, ಲೆಕ್ಕ ಬರೆದವನು ನೋಡಲು ಇರಲಿಲ್ಲ.

ಇನ್ನು ಚಹಾದ ಉತ್ತರ. ಅದನ್ನು ಕೊಟ್ಟವನು ಇಟಲಿಯ ಗೆಲಿಲಿಯೊ. 1608ರಲ್ಲಿ ಹಾಲೆಂಡಿನಲ್ಲಿ ಲಿಪ್ಪರ್‌ಹೇ ಎಂಬ ಕನ್ನಡಕ ಮಾಡುವ ಕಸುಬಿನವನು ದೂರದರ್ಶಕಕ್ಕೆ ಹಕ್ಕು ಕೋರಿ ಅರ್ಜಿ ಹಾಕಿದ್ದ. ಆ ಸುದ್ದಿ ಕೇಳಿದ ಗೆಲಿಲಿಯೊ ತಾನೇ ಗಾಜು ಉಜ್ಜಿ ಇನ್ನೂ ಬಲವಾದ ದೂರದರ್ಶಕಗಳನ್ನು ಮಾಡಿ ಆಕಾಶಕ್ಕೆ ತಿರುಗಿಸಿದ. 1610ರ ಜನವರಿಯಲ್ಲಿ ಗುರುಗ್ರಹವನ್ನು ಸುತ್ತುವ ನಾಲ್ಕು ಚಂದ್ರರು ಕಂಡರು. ಎಲ್ಲವೂ ಭೂಮಿಯನ್ನೇ ಸುತ್ತಬೇಕೆಂಬ ಮಾತು ಅಲ್ಲಿಗೆ ಸುಳ್ಳಾಯಿತು. ಅದೇ ವರ್ಷದ ಕೊನೆಗೆ ಶುಕ್ರನೂ ಚಂದ್ರನಂತೆ ಕ್ಷೀಣಿಸಿ ತುಂಬುವುದನ್ನು ಕಂಡ. ಶುಕ್ರನು ಸೂರ್ಯನನ್ನು ಸುತ್ತದೆ ಇದ್ದರೆ ಹಾಗೆ ತುಂಬಿ ಕಾಣುವುದು ಸಾಧ್ಯವೇ ಇಲ್ಲ. ಟಾಲೆಮಿಯ ಯಂತ್ರಕ್ಕೆ ಇದು ಮರಣದ ಪೆಟ್ಟು.

ಆದರೂ ಭೂಮಿ ಓಡುತ್ತದೆಂಬುದು ಇದರಿಂದ ಸಿದ್ಧವಾಗಲಿಲ್ಲ. ಗ್ರಹಗಳೆಲ್ಲ ಸೂರ್ಯನನ್ನು ಸುತ್ತಲಿ, ಸೂರ್ಯನು ಮಾತ್ರ ಭೂಮಿಯನ್ನು ಸುತ್ತಲಿ ಎಂದು ಟೈಕೊ ಹೇಳಿಹೋಗಿದ್ದ. ಓಡುವ ಭೂಮಿಯ ಮೇಲೆ ಬಿದ್ದ ಕಲ್ಲು ನೆಟ್ಟಗೆ ಹೇಗೆ ಬಿದ್ದೀತು ಎಂಬ ಪ್ರಶ್ನೆಯೂ ಹಾಗೆಯೇ ನಿಂತಿತ್ತು. 1632ರ ತನ್ನ ಗ್ರಂಥದಲ್ಲಿ ಗೆಲಿಲಿಯೊ ಓದುಗನನ್ನು ಹಡಗಿನ ಒಳಗಿನ ಮುಚ್ಚಿದ ಕೋಣೆಗೆ ಕರೆದೊಯ್ಯುತ್ತಾನೆ. ತೂಗುಹಾಕಿದ ಪಾತ್ರೆಯಿಂದ ನೀರು ಹನಿಹನಿಯಾಗಿ ಕೆಳಗಿನ ಪಾತ್ರೆಗೆ ಬೀಳುತ್ತಿದೆ, ಚಿಟ್ಟೆಗಳು ಹಾರಾಡುತ್ತಿವೆ, ಬೋಗುಣಿಯಲ್ಲಿ ಮೀನು ಈಜುತ್ತಿದೆ. ಹಡಗು ನಿಂತಿರಲಿ, ಎಷ್ಟೇ ವೇಗದಿಂದ ಸಮನಾಗಿ ಸಾಗಲಿ, ಕೋಣೆಯೊಳಗೆ ಒಂದು ಹನಿಯೂ ಅತ್ತಿತ್ತ ಬೀಳುವುದಿಲ್ಲ. ಏಕೆಂದರೆ ಹನಿಯೂ ಚಿಟ್ಟೆಯೂ ಮೀನೂ ಗಾಳಿಯೂ ಹಡಗಿನೊಡನೆ ಅದೇ ವೇಗದಿಂದ ಆಗಲೇ ಸಾಗುತ್ತಿವೆ. 1640ರಲ್ಲಿ ಅದೇ ಗಸೆಂಡಿಯು ಮಾರ್ಸೇಲ್ಸ್ ಬಂದರಿನಲ್ಲಿ, ಓಡುವ ಹಡಗಿನ ಕೂವೆಯ ತುದಿಯಿಂದ ಕಲ್ಲು ಬೀಳಿಸಿ ನೋಡಿದ. ಕಲ್ಲು ಕೂವೆಯ ಬುಡಕ್ಕೇ ಬಿತ್ತು.

ಈಗ ನಮ್ಮ ಊರಿನ ಗಾಡಿಯಲ್ಲಿ ಕುಳಿತು ನೋಡಿ. ಗಾಡಿ ಹೊರಡುವಾಗ, ಬ್ರೇಕು ಹಾಕುವಾಗ ಚಹಾ ತುಳುಕುತ್ತದೆ. ಸಮನಾಗಿ ಓಡುವಾಗ ಎಷ್ಟೇ ವೇಗವಿದ್ದರೂ ಹಾಯಾಗಿ ಕುಡಿಯುತ್ತೇವೆ. ಚಹಾ ಚೆಲ್ಲಿಸುವುದು ವೇಗವಲ್ಲ, ವೇಗದ ಏರುಪೇರು. ಟ್ರೇ ಹಿಡಿದು ನಡೆಯುವಾಗ ನಮ್ಮ ಪ್ರತಿ ಹೆಜ್ಜೆಯೂ ಒಂದು ಎಳೆತ, ಒಂದು ತಡೆ. ಭೂಮಿಗೆ ಹೆಜ್ಜೆಯಿಲ್ಲ, ಬ್ರೇಕಿಲ್ಲ, ನಿಲ್ದಾಣವಿಲ್ಲ. ಮುಂಬಯಿಯ ನೆಲ ತಾಸಿಗೆ ಸುಮಾರು 1,580 ಕಿಲೋಮೀಟರ್ ವೇಗದಿಂದ ಪೂರ್ವಕ್ಕೆ ತಿರುಗುತ್ತಿದೆ. ಭೂಮಿ ಇಡಿಯಾಗಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಓಡುತ್ತಿದೆ. ಕಪ್ಪೂ ಬಸಿಯೂ ಚಹಾವೂ ನಾವೂ ಅದರೊಡನೆ ಒಟ್ಟಿಗೇ ಇದ್ದೇವೆ. ತಿರುವಿನಲ್ಲಿ ಗಾಡಿಯ ಚಹಾ ವಾಲುತ್ತದಲ್ಲ ಎಂದರೆ, ಅದೂ ಸರಿಯೇ. ಆದರೆ ಭೂಮಿಯ ತಿರುವು ಬಲು ನಿಧಾನದ್ದು, ದಿನಕ್ಕೆ ಒಂದೇ ಸುತ್ತು. ಅದರ ಪರಿಣಾಮ ಇಲ್ಲವೆಂದಲ್ಲ. ಇಡೀ ಭೂಮಿಯೇ ಆ ತಿರುಗುವಿಕೆಯಿಂದ ನಡುವಿನಲ್ಲಿ ಉಬ್ಬಿಕೊಂಡು, ಭೂಮಧ್ಯರೇಖೆಯಲ್ಲಿ ಅದರ ವ್ಯಾಸ ಧ್ರುವಗಳ ನಡುವಿನದಕ್ಕಿಂತ ಸುಮಾರು 43 ಕಿಲೋಮೀಟರ್ ಹೆಚ್ಚಾಗಿದೆ.

ಗೆಲಿಲಿಯೊ ಈ ಗ್ರಂಥವನ್ನು ಪಂಡಿತರ ಲ್ಯಾಟಿನಿನಲ್ಲಿ ಬರೆಯಲಿಲ್ಲ. ಮೂವರು ಸ್ನೇಹಿತರು ನಾಲ್ಕು ದಿನ ಕುಳಿತು ಮಾತನಾಡಿದಂತೆ, ತನ್ನ ಜನರ ಇಟಾಲಿಯನ್ ನುಡಿಯಲ್ಲಿ ಬರೆದ. ಪರಊರಿನಲ್ಲಿದ್ದೂ ಕನ್ನಡದ ವಾಚನಾಲಯ ನಡೆಸುವ ನಾವು ಇದನ್ನು ಮರೆಯಬಾರದು. ದೊಡ್ಡ ವಿಷಯವನ್ನು ಮನೆಯ ಮಾತಿನಲ್ಲಿ ಹೇಳಬಹುದು, ಹೇಳಬೇಕು. ಆ ಪುಸ್ತಕಕ್ಕಾಗಿ 1633ರ ಜೂನ್ 22ರಂದು ರೋಮಿನ ಧಾರ್ಮಿಕ ನ್ಯಾಯಸ್ಥಾನ ಸುಮಾರು 70 ವರ್ಷದ ಮುದುಕನನ್ನು ಮೊಣಕಾಲೂರಿಸಿ, ಭೂಮಿ ಚಲಿಸುತ್ತದೆಂಬ ಮಾತನ್ನು ತ್ಯಜಿಸುತ್ತೇನೆಂದು ಹೇಳಿಸಿತು. 1642ರಲ್ಲಿ ಸಾಯುವ ತನಕ ಆತ ಮನೆಯಲ್ಲೇ ಬಂಧಿ. ಗ್ರಂಥದ ಮೇಲಿನ ನಿಷೇಧ ಪಟ್ಟಿಯಿಂದ ಇಳಿದದ್ದು 1835ರಲ್ಲಿ. ಆ ನ್ಯಾಯಸ್ಥಾನದವರಿಂದ ತಪ್ಪಾಯಿತೆಂದು ಪೋಪ್ ಎರಡನೆಯ ಜಾನ್ ಪಾಲ್ ಒಪ್ಪಿಕೊಂಡದ್ದು 1992ರಲ್ಲಿ. ಆದರೆ ಗೆಲಿಲಿಯೊನೂ ತಪ್ಪಿದ್ದುಂಟು. ಸಮುದ್ರದ ಉಬ್ಬರವಿಳಿತವೇ ಭೂಮಿ ಚಲಿಸುವುದಕ್ಕೆ ಸಾಕ್ಷಿ ಎಂದು ಹಟ ಹಿಡಿದಿದ್ದ, ಅದು ಸರಿಯಲ್ಲ. ಕೆಪ್ಲರನ ದೀರ್ಘವೃತ್ತವನ್ನೂ ಆತ ಸ್ವೀಕರಿಸಲಿಲ್ಲ. ದೊಡ್ಡವನು ಹೇಳಿದನೆಂದು ಒಪ್ಪಿದ್ದರೆ ಲೋಕ ಅಲ್ಲಿಯೇ ನಿಲ್ಲುತ್ತಿತ್ತು.

ಕೊನೆಯ ಸಾಕ್ಷಿಗಳನ್ನು ಬೇಗ ಹೇಳಿಬಿಡುತ್ತೇವೆ. ಗ್ರಹಗಳನ್ನು ಸೂರ್ಯನ ಸುತ್ತ ಹಿಡಿದಿಡುವ ಬಲ ಯಾವುದೆಂದು ನ್ಯೂಟನ್ 1687ರಲ್ಲಿ ತೋರಿಸಿದ. ಕೈಬಿಟ್ಟ ಕಪ್ಪನ್ನು ನೆಲಕ್ಕೆ ಎಳೆಯುವ ಬಲವೇ ಅದು. ಭೂಮಿ ಓಡುವುದಾದರೆ ಹತ್ತಿರದ ಚುಕ್ಕಿಗಳು ವರ್ಷದಲ್ಲಿ ತುಸು ಅತ್ತಿತ್ತ ಸರಿದಂತೆ ಕಾಣಬೇಕೆಂದು ಪ್ರಾಚೀನರು ಕೇಳಿದ್ದರು. ಆ ಸರಿತವನ್ನು 1838ರಲ್ಲಿ ಜರ್ಮನಿಯ ಬೆಸೆಲ್ ಅಳೆದ. ಅದೆಷ್ಟು ಸಣ್ಣದೆಂದರೆ, ಬೋರಿಬಂದರದಲ್ಲಿ ಹಿಡಿದ ಒಂದು ರೂಪಾಯಿಯ ನಾಣ್ಯವನ್ನು ಕುರ್ಲಾದಲ್ಲಿ ನಿಂತು ನೋಡಿದರೆ ಕಾಣುವ ಅಗಲದಷ್ಟು. ಕೇಳಿದವರ ಪ್ರಶ್ನೆ ಸರಿಯಾಗಿಯೇ ಇತ್ತು, ಚುಕ್ಕಿಗಳು ಅವರು ಎಣಿಸಿದ್ದಕ್ಕಿಂತ ಬಲು ದೂರ ಇದ್ದವು. 1851ರಲ್ಲಿ ಫೂಕೊ ಎಂಬವನು ಪ್ಯಾರಿಸಿನಲ್ಲಿ 67 ಮೀಟರ್ ತಂತಿಗೆ 28 ಕಿಲೋ ತೂಕದ ಗುಂಡು ಕಟ್ಟಿ ತೂಗಿಬಿಟ್ಟ. ಗುಂಡು ತೂಗುವ ದಿಕ್ಕು ಗಂಟೆಗಂಟೆಗೂ ನೆಲದ ಮೇಲೆ ಸರಿಯುತ್ತ ಹೋಯಿತು. ಜನ ಸಾಲುಗಟ್ಟಿ ಬಂದು, ತಮ್ಮ ಕಾಲ ಕೆಳಗಿನ ನೆಲ ತಿರುಗುವುದನ್ನು ಕಣ್ಣಾರೆ ನೋಡಿದರು.

ಹಾಗಾದರೆ ಸೂರ್ಯನೇ ಜಗತ್ತಿನ ಕೇಂದ್ರವೋ? ಅದೂ ಅಲ್ಲ. ಹಾಲುಹಾದಿ ಎಂದು ಕರೆಯುವ ಚುಕ್ಕಿಗಳ ಮಹಾ ಸಮೂಹದಲ್ಲಿ ಸೂರ್ಯನು ನಡುವಿನಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದ್ದಾನೆ, ಇಪ್ಪತ್ತು ಕೋಟಿಗೂ ಹೆಚ್ಚು ವರ್ಷಗಳಿಗೊಮ್ಮೆ ಅದನ್ನು ಸುತ್ತುತ್ತಾನೆ. ಅಂಥ ಸಮೂಹಗಳು ಕೋಟಿಗಟ್ಟಲೆ. ನಾವು ನಿಂತಲ್ಲಿಯೇ ಜಗತ್ತಿನ ನಡು ಎಂಬ ಮಾತು ಎಲ್ಲಿಯೂ ನಿಲ್ಲಲಿಲ್ಲ. ಇದರಿಂದ ಮನುಷ್ಯ ಸಣ್ಣವನಾದ ಎಂದು ಕೆಲವರು ಕೊರಗುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಊರು ಬಿಟ್ಟು ಈ ಮಹಾನಗರಕ್ಕೆ ಬಂದ ದಿನ ನಮ್ಮೂರೇ ಲೋಕದ ನಡುವಲ್ಲವೆಂದು ನಾವೆಲ್ಲ ಕಂಡೆವು. ನಮ್ಮೂರು ಅದರಿಂದ ಸಣ್ಣದಾಗಲಿಲ್ಲ, ನಮ್ಮ ಲೋಕ ದೊಡ್ಡದಾಯಿತು.

ಸೋದರರೇ, ನಾವು ಹೇಳಬಂದದ್ದು ಇಷ್ಟೇ. ಭೂಮಿ ತಿರುಗುತ್ತದೆಂದು ಬಾಯಿಪಾಠ ಹೇಳುವವನಿಗಿಂತ, ತಿರುಗಿದರೆ ಚಹಾ ಏಕೆ ಚೆಲ್ಲುವುದಿಲ್ಲ ಎಂದು ಕೇಳಿದವನು ಸತ್ಯಕ್ಕೆ ಹೆಚ್ಚು ಹತ್ತಿರದವನು. ಆತ ಕೇಳಿದ್ದನ್ನು ಟಾಲೆಮಿ ಕೇಳಿದ್ದ, ವರಾಹಮಿಹಿರ ಕೇಳಿದ್ದ. ಉತ್ತರ ಹುಟ್ಟಿದ್ದು ಆ ಪ್ರಶ್ನೆಯನ್ನು ಗೌರವದಿಂದ ಎತ್ತಿಕೊಂಡವರಿಂದ, ನಕ್ಕವರಿಂದಲ್ಲ. ನಮ್ಮವರು ಹನ್ನೆರಡು ತಾಸು ದುಡಿದು, ಕಣ್ಣು ಎಳೆಯುವ ನಿದ್ದೆಯನ್ನು ತಡೆದು ಈ ವರ್ಗಕ್ಕೆ ಬರುತ್ತಾರೆ. ಅಂಥವರ ಒಂದು ಪ್ರಶ್ನೆಯನ್ನು ನಗೆಯಿಂದ ಮುಚ್ಚಿದರೆ ನಾವು ಮುಚ್ಚುವುದು ಒಂದು ಬಾಯಿಯನ್ನಲ್ಲ, ಒಂದು ಬಾಗಿಲನ್ನು.

ಆ ತರುಣನನ್ನು ನಾವು ಹೋಗಿ ಕಂಡು, ಇಂದು ಬರಬೇಕೆಂದು ಕೇಳಿಕೊಂಡೆವು. ಬಂದಿದ್ದಾನೆ, ಹಿಂದಿನ ಬೆಂಚಿನಲ್ಲಿಯೇ ಕುಳಿತಿದ್ದಾನೆ. ಆತನ ಹೆಸರು ಹೇಳಿ ಸಂಕೋಚಪಡಿಸುವುದಿಲ್ಲ. ವರ್ಗದ ಎಲ್ಲರ ಮುಂದೆ ನಕ್ಕ ನಾವು ಎಲ್ಲರ ಮುಂದೆಯೇ ಆತನ ಕ್ಷಮೆ ಕೇಳುತ್ತೇವೆ. ಬರುವ ವಾರದಿಂದ ರಾತ್ರಿ ವರ್ಗದಲ್ಲಿ ಕೊನೆಯ ಕಾಲು ತಾಸು ಪ್ರಶ್ನೆಗಳಿಗಾಗಿ ಇಡಬೇಕೆಂದು ಕಾರ್ಯಕಾರಿ ಮಂಡಳಿ ನಿಶ್ಚಯಿಸಿದೆ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹೇಳುತ್ತೇವೆ, ಕೂಡಿ ಹುಡುಕೋಣ. ಮೊದಲನೆಯ ಪ್ರಶ್ನೆ ಹಿಂದಿನ ಬೆಂಚಿನಿಂದ ಬರಲಿ.

ಹೊರಗೆ ಚಹಾ ಸಿದ್ಧವಾಗಿದೆ.